ಬಟ್ಟೆ ಎಳೆದಾಡಿಸಿದರೆ ನಾಯಿಮರಿ ಕಚ್ಚುವುದನ್ನು ಕಲಿಯುತ್ತದೆಯೇ? ಮರಿಯ ಆಟದ ಹಿಂದಿರುವ ವಿಜ್ಞಾನ

"ಮರಿಯನ್ನು ಆಟ ಆಡಿಸಿದರೆ ಸದರ ಕೊಟ್ಟಂತೆ, ಮುಂದೆ ಮಾತು ಕೇಳುವುದಿಲ್ಲ." "ಬಟ್ಟೆ, ಹಗ್ಗ ಎಳೆದಾಡಿಸಿದರೆ ಕಚ್ಚುವ ಚಟ ಹತ್ತುತ್ತದೆ." "ಸದಾ ಕಟ್ಟಿ ಹಾಕಿ, ಆಗಾಗ ಮೆಣಸಿನಕಾಯಿ ತಿನ್ನಿಸಿದರೆ ಕಾವಲಿಗೆ ಚುರುಕಾಗುತ್ತದೆ." ನಾಯಿ ಸಾಕಿದವರೆಲ್ಲರ ಕಿವಿಗೂ ಒಂದಲ್ಲ ಒಂದು ದಿನ ಬೀಳುವ ಮಾತುಗಳಿವು. ಹಿಂದೆ ಕಟ್ಟೆಯ ಮೇಲೆ ಕೇಳಿಬರುತ್ತಿದ್ದವು, ಈಗ ಮೊಬೈಲ್ ಗುಂಪುಗಳಲ್ಲೂ ಓಡಾಡುತ್ತವೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ನಾಯಿ ಸಾಕುವುದು ಬರೀ ಶೋಕಿಗಲ್ಲ. ತೊಗರಿ ರಾಶಿ ಕಾಯಲು, ಕುರಿ ಹಿಂಡಿನ ಜೊತೆಗಿರಲು, ಹೊಲದ ಮನೆಗೆ ರಾತ್ರಿ ಕಾವಲಿಗೆ ನಾಯಿ ಬೇಕೇ ಬೇಕು. ಮಟಕಿಯಂಥ ಊರಿನಲ್ಲಿ ಒಂದು ಮರಿ ತಪ್ಪಾಗಿ ಬೆಳೆದರೆ ಅದರ ಹಲ್ಲು ತಾಗುವುದು ಕಳ್ಳನಿಗಿಂತ ಮೊದಲು ಮನೆಯ ಮಗುವಿಗೆ, ಇಲ್ಲವೇ ನೆರೆಮನೆಯ ಮೇಕೆಗೆ. ಹಾಗಾಗಿ ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿದಿರುವುದು ಒಳ್ಳೆಯದು.

ಒಂದೇ ಮಾತಿನಲ್ಲಿ ಹೇಳುವುದಾದರೆ: ನಿಯಮವಿಟ್ಟು ಆಡಿಸಿದ ಆಟ ನಾಯಿಯನ್ನು ಕೆಡಿಸುವುದಿಲ್ಲ, ಕಲಿಸುತ್ತದೆ. ಹೊಡೆತ, ಖಾರ, ಸದಾ ಸರಪಳಿ, ಇವು ಕೆಡಿಸುತ್ತವೆ.

ಆಟದ ಹುರುಪು ಎಂದರೇನು?

ನಾಯಿ ತೋಳದ ವಂಶದ್ದು. ಬೇಟೆಯ ಕೆಲಸ ಅದರ ರಕ್ತದಲ್ಲಿ ಹಂತ ಹಂತವಾಗಿ ಕೂತಿದೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆಸಿದ್ದರಿಂದ ಒಂದೊಂದು ತಳಿಯಲ್ಲಿ ಒಂದೊಂದು ಹಂತ ಗಟ್ಟಿಯಾಗಿ ಉಳಿದಿದೆ. ಕುರಿ ಮೇಯಿಸಲು ನೆರವಾಗುವ ವಿದೇಶಿ ತಳಿಗಳಲ್ಲಿ ದಿಟ್ಟಿಸುವುದು, ಹೊಂಚುವುದು ಹೆಚ್ಚು. ನಮ್ಮ ಮುಧೋಳ ನಾಯಿಯಲ್ಲಿ ಬೆನ್ನಟ್ಟುವುದು ಹೆಚ್ಚು.

ಮರಿ ಚಿಂದಿಯ ಹಿಂದೆ ಓಡುವಾಗ, ಅದನ್ನು ಬಾಯಲ್ಲಿ ಹಿಡಿದು ತಲೆ ಒದರುವಾಗ ನಡೆಯುವುದು ಇದೇ ಹಂತಗಳ ಅಭ್ಯಾಸ. ಆದರೆ ಅದಕ್ಕೆ ಸಿಟ್ಟಿಲ್ಲ, ಖುಷಿಯಿದೆ. ಈ ಖುಷಿಯನ್ನು ಪಡೆಯಲು ಮರಿ ಎಷ್ಟು ತವಕಿಸುತ್ತದೆ ಎಂಬುದನ್ನೇ ತರಬೇತುದಾರರು ಆಟದ ಹುರುಪು ಎನ್ನುವುದು. ಆ ಖುಷಿ ನಿಮ್ಮ ಕೈಯಲ್ಲಿರುವ ಆಟಿಕೆಯಿಂದ ಸಿಗುತ್ತದೆ ಎಂದಾದರೆ, ಅದಕ್ಕಾಗಿ ಮರಿ ನೀವು ಹೇಳಿದ್ದನ್ನು ಮಾಡಲು ತಯಾರು.

ಸ್ಫೋಟಕ ಪತ್ತೆ ಮಾಡುವ ನಾಯಿಗಳ ಗುಟ್ಟು ಇದೇ. ನಾಯಿಗೆ ಬಾಂಬ್ ಎಂದರೇನೆಂದು ಗೊತ್ತಿಲ್ಲ. ಆ ವಾಸನೆ ಸಿಕ್ಕಲ್ಲಿ ಕೂತರೆ ಚೆಂಡು ಸಿಗುತ್ತದೆ ಎಂದಷ್ಟೇ ಗೊತ್ತು. ಪ್ರಪಂಚದ ಎಷ್ಟೋ ಪೊಲೀಸ್ ಮತ್ತು ಸೇನಾ ನಾಯಿಗಳು ದುಡಿಯುವುದು ಒಂದು ಚೆಂಡಿಗಾಗಿ, ಇಲ್ಲವೇ ಸುತ್ತಿದ ಟವೆಲ್ಲಿಗಾಗಿ.

ದೇಸಿ ನಾಯಿಗೆ ತರಬೇತಿ ಹತ್ತುವುದಿಲ್ಲವೇ?

ಇದೂ ಒಂದು ತಪ್ಪು ನಂಬಿಕೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಮುಧೋಳ ತಳಿಗಾಗಿಯೇ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅದು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಇದರ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು. 2024ರಲ್ಲಿ ಲಖನೌನಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಡ್ಯೂಟಿ ಮೀಟ್‌ನಲ್ಲಿ ಗಡಿ ಭದ್ರತಾ ಪಡೆಯ 'ರಿಯಾ' ಎಂಬ ಮುಧೋಳ ನಾಯಿ ವಿದೇಶಿ ತಳಿಗಳನ್ನು ಹಿಂದಿಕ್ಕಿ ಮೊದಲ ಬಹುಮಾನ ಗೆದ್ದಿತು.

ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಮುಧೋಳ ಮತ್ತು ಗಡಿಯಾಚೆ ಮಹಾರಾಷ್ಟ್ರದಲ್ಲಿ ಕಾರವಾನ್ ಎಂದು ಕರೆಯುವ ನಾಯಿಗಳು ಕಣ್ಣಿನಿಂದ ಬೇಟೆಯಾಡುವಂಥವು. ಸುಮ್ಮನೆ ಬಿದ್ದಿರುವ ಚೆಂಡು ಅವಕ್ಕೆ ಕಲ್ಲಿನ ಸಮಾನ. ಅದೇ ಚೆಂಡು ನೆಲದ ಮೇಲೆ ಸರಿದಾಡಿದರೆ ಕಿವಿ ನಿಮಿರುತ್ತದೆ. "ನಮ್ಮ ಮರಿ ಆಟಿಕೆ ಮೂಸಿಯೂ ನೋಡುವುದಿಲ್ಲ" ಎನ್ನುವವರು ಮೊದಲು ಆಟಿಕೆಗೆ ಜೀವ ಕೊಟ್ಟು ನೋಡಬೇಕು.

ನಂಬಿಕೆ 1: ಎಳೆದಾಟದಲ್ಲಿ ಮರಿ ಗೆದ್ದರೆ ತಲೆ ಮೇಲೆ ಕೂರುತ್ತದೆ

ಇದನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ನಿಕೋಲಾ ರೂನಿ ಮತ್ತು ಜಾನ್ ಬ್ರಾಡ್‌ಶಾ 14 ಗೋಲ್ಡನ್ ರಿಟ್ರೀವರ್ ನಾಯಿಗಳೊಂದಿಗೆ ಹಗ್ಗಜಗ್ಗಾಟ ಆಡಿ, ಕೆಲವು ಬಾರಿ ನಾಯಿಯನ್ನು ಗೆಲ್ಲಿಸಿದರು, ಕೆಲವು ಬಾರಿ ಸೋಲಿಸಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಗೆದ್ದ ನಾಯಿಗಳು ಮನುಷ್ಯನ ಮೇಲೆ ದಬ್ಬಾಳಿಕೆ ಶುರು ಮಾಡಲಿಲ್ಲ. ಬದಲಿಗೆ ಆಟವಾಡಿದ ಮೇಲೆ ಮಾತು ಕೇಳುವುದು, ಗಮನ ಕೊಡುವುದು ಹೆಚ್ಚಾಯಿತು.

ಆಡುವಾಗ ಮರಿ ಗುರುಗುಟ್ಟುವುದು ಸಹಜ. ನೋಡಬೇಕಾದ್ದು ಮೈಯನ್ನು. ಮೈ ಸಡಿಲವಾಗಿ ಬಳುಕುತ್ತಿದ್ದರೆ, ಬಿಟ್ಟು ಮತ್ತೆ ಬಂದು ಹಿಡಿಯುತ್ತಿದ್ದರೆ ಅದು ಆಟ. ಮೈ ಮರಗಟ್ಟಿ, ಕಣ್ಣು ಕದಲದೆ ನಿಮ್ಮನ್ನೇ ದಿಟ್ಟಿಸಿ, ತುಟಿ ಮೇಲೆತ್ತಿ ಗುರುಗುಟ್ಟಿದರೆ ಅದು ಎಚ್ಚರಿಕೆ. ಅನ್ನದ ತಟ್ಟೆ, ವಸ್ತುಗಳನ್ನು ಯಾರಿಗೂ ಮುಟ್ಟಲು ಬಿಡದ ನಾಯಿಯೊಂದಿಗೆ ಎಳೆದಾಟ ಬೇಡ. ಮೊದಲು ತಿಳಿದವರಿಗೆ ತೋರಿಸಿ.

ನಂಬಿಕೆ 2: ಕಟ್ಟಿ, ಹೊಡೆದು, ಖಾರ ತಿನ್ನಿಸಿದರೆ ಕಾವಲು ನಾಯಿ ಆಗುತ್ತದೆ

ಮೆಣಸಿನಕಾಯಿ ನಾಯಿಯ ಬಾಯಿ, ಹೊಟ್ಟೆ ಸುಡುತ್ತದೆ. ವಾಂತಿ, ಭೇದಿ ತರುತ್ತದೆ. ಧೈರ್ಯ ತರುವುದಿಲ್ಲ.

ಕಟ್ಟಿ ಹಾಕುವುದರ ನಷ್ಟ ಇನ್ನೂ ದೊಡ್ಡದು. ಮರಿಗೆ 3 ವಾರದಿಂದ ಸುಮಾರು 14 ವಾರದವರೆಗಿನ ಕಾಲ ಬಹಳ ಮುಖ್ಯ. ಮನುಷ್ಯರು, ಮಕ್ಕಳು, ದನಕರು, ಟ್ರ್ಯಾಕ್ಟರ್ ಸದ್ದು, ಇವೆಲ್ಲ ಹೆದರುವಂಥವಲ್ಲ ಎಂದು ಅದು ಕಲಿಯುವುದು ಆಗ. ಆ ದಿನಗಳನ್ನು ಗೂಟದ ಬಳಿ ಕಳೆದ ಮರಿಗೆ ಎಲ್ಲದರ ಮೇಲೂ ಭಯ. ಭಯಬಿದ್ದ ನಾಯಿ ಕಳ್ಳ ಯಾರು, ಮನೆಗೆ ಬಂದ ಅಳಿಯ ಯಾರು ಎಂದು ನೋಡುವುದಿಲ್ಲ. ಕೈಗೆ ಸಿಕ್ಕವರನ್ನು ಕಚ್ಚುತ್ತದೆ, ಇಲ್ಲವೇ ಬಾಲ ಮುದುಡಿ ಓಡುತ್ತದೆ.

ಹೊಡೆದು ಕಲಿಸುವುದರ ಬಗ್ಗೆಯೂ ಪುರಾವೆಯಿದೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೈದು, ಕುತ್ತಿಗೆ ಜಗ್ಗಿ ಕಲಿಸುವ ತರಬೇತಿ ಪಡೆದ ನಾಯಿಗಳಲ್ಲಿ ಒತ್ತಡದ ಲಕ್ಷಣ ಹೆಚ್ಚಿತ್ತು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕೂಡ ಹೆಚ್ಚಾಗಿತ್ತು. ಬಹುಮಾನ ಕೊಟ್ಟು ಕಲಿಸಿದ ನಾಯಿಗಳಲ್ಲಿ ಹಾಗಿರಲಿಲ್ಲ.

ಕಾನೂನೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೇ ಇರುವುದು ಅಪರಾಧ.

ನಂಬಿಕೆ 3: ಅಂಗುಳ ಕಪ್ಪಿದ್ದರೆ, 20 ಉಗುರಿದ್ದರೆ ಮರಿ ಚುರುಕು

ಅಂಗುಳ ಕಪ್ಪಿರುವುದು ಬಣ್ಣದ ಅಂಶದಿಂದ, ನಮ್ಮ ಮೈಮೇಲಿನ ಮಚ್ಚೆಯಂತೆ. ಸಾಮಾನ್ಯವಾಗಿ ನಾಯಿಗೆ ಮುಂಗಾಲಲ್ಲಿ ಐದೈದು, ಹಿಂಗಾಲಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕೆಲವಕ್ಕೆ ಹಿಂಗಾಲಲ್ಲೂ ಒಂದೊಂದು ಹೆಚ್ಚುವರಿ ಉಗುರಿರುತ್ತದೆ, ಅಷ್ಟೇ. ಎರಡಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಮರಿ ಆರಿಸುವಾಗ ಬಾಯಿ ತೆರೆದು ನೋಡುವ ಬದಲು ದಾರಕ್ಕೆ ಚಿಂದಿ ಕಟ್ಟಿ ಎಳೆದು ನೋಡಿ. ಹೆದರದೆ ಹಿಂದೆ ಬರುವ ಮರಿ, ಕರೆದರೆ ನಿಮ್ಮ ಹತ್ತಿರವೂ ಬರುವ ಮರಿ ಒಳ್ಳೆಯದು. 8 ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಅಷ್ಟು ಎಳೆಯ ಮರಿಯ ಮಾರಾಟಕ್ಕೆ 2017ರ ಶ್ವಾನ ತಳಿ ನಿಯಮಗಳಲ್ಲೂ ಅವಕಾಶವಿಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂದು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೇ.

ಹಾಗಾದರೆ ಹೇಗೆ ಆಡಿಸಬೇಕು?

ದುಬಾರಿ ಆಟಿಕೆ ಬೇಕಿಲ್ಲ. ಹಳೆಯ ಹತ್ತಿ ಸೀರೆಯ ತುಂಡನ್ನು ಜಡೆ ಹೆಣೆದು ಎರಡೂ ತುದಿಗೆ ಗಂಟು ಹಾಕಿ. ಒಂದು ಹಗ್ಗದಿಂದ ಅದನ್ನು ಕೋಲಿಗೆ ಕಟ್ಟಿದರೆ ಮುಗಿಯಿತು.

• ಆಟಿಕೆ ಮರಿಯಿಂದ ದೂರ ಓಡಬೇಕು. ಮರಿಯ ಮುಖಕ್ಕೆ ತುರುಕಬೇಡಿ, ಯಾವ ಬೇಟೆಯೂ ತಾನಾಗಿ ಬಾಯಿಗೆ ಬಂದು ಬೀಳುವುದಿಲ್ಲ. ಅಳಿಲಿನಂತೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ.

• ಹಿಡಿಯಲು ಬಿಡಿ. ಪ್ರತಿ ಸಲ ತಪ್ಪಿಸಿದರೆ ಮರಿ ಬೇಸತ್ತು ಕೈಬಿಡುತ್ತದೆ. ಹಿಡಿದ ಮೇಲೆ ಮೆಲ್ಲಗೆ ಎಳೆಯಿರಿ. ಕುತ್ತಿಗೆ ಮೇಲಕ್ಕೆ ಜಗ್ಗಬೇಡಿ, ನೆಲಕ್ಕೆ ಸಮವಾಗಿ ಎಳೆಯಿರಿ.

• ಎರಡು ಮೂರು ನಿಮಿಷ ಸಾಕು. ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ, ಆಟಿಕೆ ಎತ್ತಿಡಿ. ದಿನವಿಡೀ ಅಂಗಳದಲ್ಲಿ ಬಿದ್ದಿರುವ ಆಟಿಕೆಗೆ ಬೆಲೆಯಿಲ್ಲ.

• "ಬಿಡು" ಕಲಿಸಿ. ಎಳೆಯುವುದನ್ನು ನಿಲ್ಲಿಸಿ ಆಟಿಕೆಯನ್ನು ಮೊಣಕಾಲಿಗೆ ಒತ್ತಿ ಅಲ್ಲಾಡದಂತೆ ಹಿಡಿಯಿರಿ. ಸತ್ತ ಬೇಟೆಯಲ್ಲಿ ಮಜಾ ಇಲ್ಲ, ಮರಿ ಬಾಯಿ ಸಡಿಲಿಸುತ್ತದೆ. ಬಿಟ್ಟ ಕೂಡಲೇ ಮತ್ತೆ ಆಟ ಶುರು ಮಾಡಿ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ, ಆಟ ಮುಂದುವರಿಯುತ್ತದೆ ಎಂದು ಅದಕ್ಕೆ ತಿಳಿಯುವುದು ಹೀಗೆ.

• ಹಲ್ಲು ಚರ್ಮಕ್ಕೆ ತಾಗಿದರೆ ಆಟ ಬಂದ್. ಬೈಯುವುದು ಬೇಡ. ಸುಮ್ಮನೆ ಎದ್ದು ಆಟಿಕೆ ಒಳಗಿಡಿ, ಅರೆ ನಿಮಿಷದ ನಂತರ ಮತ್ತೆ ಆಡಿ.

• ನಂತರ ಪಾಠ ಸೇರಿಸಿ. "ಕೂತ್ಕೋ" ಎಂದಾಗ ಕೂತರೆ ತಕ್ಷಣ ಆಟಿಕೆ ಓಡಲಿ. ಕರೆದಾಗ ಬಂದರೆ ಆಟಿಕೆ ಸಿಗಲಿ. ಚೆಂಡು ಬಾಯಲ್ಲಿ ಹಿಡಿದು ಮರಿ ಓಡಿದರೆ ಅದರ ಹಿಂದೆ ನೀವು ಓಡಬೇಡಿ, ಎರಡನೇ ಚೆಂಡು ತೋರಿಸಿ.

ಪಾಠ ಮುಗಿದ ಮೇಲೆ ಆಡಿಸುವುದರಿಂದಲೂ ಲಾಭವಿದೆ. 16 ಲ್ಯಾಬ್ರಡಾರ್ ನಾಯಿಗಳ ಮೇಲಿನ 2017ರ ಅಧ್ಯಯನದಲ್ಲಿ, ಕಲಿತ ಕೂಡಲೇ ಅರ್ಧ ಗಂಟೆ ಆಡಿದ ನಾಯಿಗಳು ಸುಮ್ಮನೆ ಮಲಗಿದ್ದವುಗಳಿಗಿಂತ ಮಾರನೇ ದಿನ ಅದೇ ಪಾಠವನ್ನು ಬೇಗ ಮಾಡಿ ತೋರಿಸಿದವು.

4ರಿಂದ 6 ತಿಂಗಳ ನಡುವೆ ಮರಿಯ 28 ಹಾಲುಹಲ್ಲು ಬಿದ್ದು 42 ಗಟ್ಟಿ ಹಲ್ಲು ಬರುತ್ತವೆ. ಆಗ ಒಸಡು ನೋಯುತ್ತದೆ. ಎಳೆದಾಟ ಕಡಿಮೆ ಮಾಡಿ, ಓಡುವ ಆಟ ಮತ್ತು ತಿನಿಸಿನ ಬಹುಮಾನ ಹೆಚ್ಚಿಸಿ. ಆಡಿಕೊಂಡಿದ್ದ ಮರಿ ಇದ್ದಕ್ಕಿದ್ದಂತೆ ಮಂಕಾದರೆ ಅದನ್ನು ಹಠ ಎನ್ನಬೇಡಿ. ಜಂತುಹುಳು, ಜ್ವರ, ಉಣ್ಣೆ ಇದೆಯೇ ಎಂದು ದನದ ದವಾಖಾನೆಯಲ್ಲಿ ತೋರಿಸಿ.

ಈ ತಪ್ಪುಗಳು ಬೇಡ

ಹಳೆ ಚಪ್ಪಲಿ ಆಟಕ್ಕೆ ಕೊಟ್ಟು, ಹೊಸ ಚಪ್ಪಲಿ ಕಡಿದಾಗ ಹೊಡೆಯುವುದು ಎಲ್ಲ ಮನೆಗಳ ಕತೆ. ಹಳತು ಯಾವುದು, ಹೊಸತು ಯಾವುದು ಎಂದು ಮರಿಗೆ ಗೊತ್ತಾಗುವುದಿಲ್ಲ. ಗೊಬ್ಬರ, ಕೀಟನಾಶಕದ ಚೀಲ ಆಟಿಕೆಯಲ್ಲ, ವಿಷ. ಪ್ಲಾಸ್ಟಿಕ್ ಚೀಲದ ದಾರ ನುಂಗಿದರೆ ಕರುಳಿಗೆ ಸಿಕ್ಕಿಹಾಕಿಕೊಂಡು ಜೀವಕ್ಕೇ ಕುತ್ತು. ಚೆಂಡು ಗಂಟಲಿಗೆ ಇಳಿಯದಷ್ಟು ದೊಡ್ಡದಿರಲಿ. ಕಲ್ಲು ಎಸೆದು ತರಿಸಿದರೆ ಹಲ್ಲು ಸವೆದು ಮುರಿಯುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ತಂಪಾಗಬೇಕು. ನಸುಕಿನಲ್ಲಿ, ಹೊತ್ತು ಮುಳುಗಿದ ಮೇಲೆ ಮಾತ್ರ ಆಡಿಸಿ.

ಕೋಳಿ, ಕುರಿಮರಿಗಳ ಹಿಂದೆ ಓಡಿಸಿ ಚುರುಕು ಮಾಡುವುದಂತೂ ಬೇಡವೇ ಬೇಡ. ಬೆನ್ನಟ್ಟುವ ಖುಷಿ ಆಟಿಕೆಯಲ್ಲಿ ಮಾತ್ರ ಸಿಗಬೇಕು. ಒಮ್ಮೆ ಕುರಿ ಅಟ್ಟಿ ರುಚಿ ಕಂಡ ನಾಯಿಯನ್ನು ತಿದ್ದುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯ: ಮರಿಯ ಗೀರನ್ನೂ ಕಡೆಗಣಿಸಬೇಡಿ

"ಸಣ್ಣ ಮರಿ ಅಲ್ಲವೇ, ಅದಕ್ಕೆಲ್ಲಿಯ ರೇಬೀಸ್" ಎಂಬ ಮಾತು ಜೀವ ತೆಗೆಯಬಲ್ಲದು. ಮರಿಗಳಿಗೂ ಹುಚ್ಚುನಾಯಿ ರೋಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಆದರೆ ಸಕಾಲದಲ್ಲಿ ಲಸಿಕೆ ಹಾಕಿಸಿದರೆ ತಡೆಯಬಹುದು.

ಮರಿಗೆ 3 ತಿಂಗಳಾಗುತ್ತಲೇ ರೇಬೀಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮುಂದುವರಿಸಿ. ಆಡುವಾಗ ಹಲ್ಲು ಅಥವಾ ಉಗುರು ತಾಗಿ ಚರ್ಮ ಗೀರಿದರೆ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಖಾರಪುಡಿ, ಸುಣ್ಣ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳನ್ನು ಮರಿಯೊಂದಿಗೆ ಒಂಟಿಯಾಗಿ ಆಡಲು ಬಿಡಬೇಡಿ. ಕಿರುಚುತ್ತಾ ಓಡುವ ಮಗು ಮರಿಯ ಕಣ್ಣಿಗೆ ಓಡುವ ಆಟಿಕೆಯೇ.

ಫಾರ್ವರ್ಡ್ ಮಾಡುವ ಮುನ್ನ

ನಾಯಿಗೆ ನೋವು ಕೊಟ್ಟು ಶೂರನನ್ನಾಗಿ ಮಾಡಿ ಎನ್ನುವ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಿ. ಕಳಿಸಿದವರಿಗೆ ಎರಡೇ ಮಾತು ಹೇಳಿ: ಹೆದರಿದ ನಾಯಿ ಯಾರನ್ನಾದರೂ ಕಚ್ಚುತ್ತದೆ, ಆಡಿ ಕಲಿತ ನಾಯಿ ಬಿಡು ಎಂದರೆ ಬಿಡುತ್ತದೆ. ಮನೆಯಲ್ಲಿ ಮರಿ ಇರುವವರು ಗುಂಪಿನಲ್ಲಿದ್ದರೆ ಸೋಪು, ನೀರು, ಲಸಿಕೆಯ ಮಾತನ್ನು ಅವರಿಗೆ ತಪ್ಪದೇ ತಲುಪಿಸಿ.