ರಾಣಿಗೆ ಮೂರು ಫ್ರೇಮಿನ ಪೆಟ್ಟಿಗೆ ಸಾಕು, ಆದ್ರೆ ಗಂಡುಜೇನಿನ ಲೆಕ್ಕ ಬಿಡಬ್ಯಾಡ್ರಿ

ಹಿಂಗಾರಿಗೆ ಸೂರ್ಯಕಾಂತಿ ಹಾಕೋರು ಸುಮಾರು ಮಂದಿ ಜೇನುಪೆಟ್ಟಿಗೆ ಬಗ್ಗೆ ಕೇಳ್ತಿದಾರೆ. ಎಲ್ಲಿ ಸಿಗ್ತವೆ, ಎಷ್ಟಕ್ಕೆ ಸಿಗ್ತವೆ ಅನ್ನೋದೇ ಎಲ್ಲರ ಪ್ರಶ್ನೆ. ನನ್ನ ಮಾತು ಬೇರೆ ಐತೆ. ಪೆಟ್ಟಿಗೆ ಒಂದು ಸಲ ಕೊಂಡ್ರೆ ಸಾಕು. ಆಮೇಲೆ ರಾಣಿಯನ್ನ ನಾವೇ ಮಾಡ್ಕೋಬೇಕು, ಇಲ್ಲೇ ಕೆಂಚನಗುಡ್ಡದ ಹೊಳೆ ದಂಡೆ ಮೇಲೆ. ವರ್ಷಾ ವರ್ಷಾ ಹೊರಗಿನಿಂದ ತರಿಸೋ ಪೆಟ್ಟಿಗೆಯೊಳಗೆ ರಾಣಿಗೆ ಎಷ್ಟು ವಯಸ್ಸಾಗಿದೆ ಅಂತ ಕೊಡೋರೂ ಹೇಳಲ್ಲ, ತಗೊಳ್ಳೋರೂ ಕೇಳಲ್ಲ. ಮೆಲ್ಲಿಫೆರಾ ರಾಣಿ ಚೆನ್ನಾಗಿ ಮೊಟ್ಟೆ ಇಡೋದು ಒಂದು, ಹೆಚ್ಚಂದ್ರೆ ಎರಡು ವರ್ಷ. ಮುದಿ ರಾಣಿ ಇರೋ ಪೆಟ್ಟಿಗೆ ಹೂವಿನ ಹೊತ್ತಿಗೆ ಸೊರಗಿ ಕೂತ್ರೆ, ತೆನೆ ನಡುವೆ ಜೊಳ್ಳು ನೋಡೋರು ನಾವೇ.

"ಜೇನು ತಾನೇ ರಾಣಿ ಮಾಡ್ಕೊಳ್ತದಲ್ಲ, ಪೆಟ್ಟಿಗೆ ಎರಡು ಪಾಲು ಮಾಡಿಟ್ರೆ ಆತು" ಅಂತಾರೆ ಕೆಲವರು. ಮಾಡ್ಕೊಳ್ತದೆ, ಸುಳ್ಳಲ್ಲ. ಆದ್ರೆ ದಿನದ ಲೆಕ್ಕ ಹಾಕಿ ನೋಡ್ರಿ. ಎಳೆ ಮರಿಹುಳದಿಂದ ರಾಣಿ ಹೊರಗೆ ಬರೋಕೆ ಸುಮಾರು 12 ದಿನ. ಅವಳು ಬಲಿತು ಕೂಡೋಕೆ ಹಾರೋದು ಐದಾರು ದಿನ ಆದಮೇಲೆ. ಕೂಡಿ ಬಂದು ಮೊಟ್ಟೆ ಶುರು ಮಾಡೋಕೆ ಮತ್ತೆ ಎರಡು ಮೂರು ದಿನ. ಎಲ್ಲ ಸರಿ ಹೋದ್ರೂ ಮೂರು ವಾರ ದೊಡ್ಡ ಪೆಟ್ಟಿಗೆಯಲ್ಲಿ ಒಂದು ಮೊಟ್ಟೆ ಇಲ್ಲ. ಮೊಟ್ಟೆಯಿಂದ ಕೆಲಸಗಾರ ಹುಳ ಆಗೋಕೆ 21 ದಿನ ಬೇರೆ. ನಮ್ಮ ಸೂರ್ಯಕಾಂತಿ ಹೊಲ ಹೂ ಬಿಟ್ಟು ಮುಗಿಸೋದೇ ಹದಿನೈದಿಪ್ಪತ್ತು ದಿನದಲ್ಲಿ. ಇನ್ನೊಂದು ಮಾತು: ಒಳಗೆ ಮರಿ ಇಲ್ಲದ ಕುಟುಂಬ ಪರಾಗಕ್ಕೆ ಅಷ್ಟಾಗಿ ಓಡಾಡಲ್ಲ. ಮರಿಗೆ ತಿನ್ನಿಸೋಕೇ ಪರಾಗ ಬೇಕಾಗೋದು. ನಮಗೆ ಬೇಕಾಗಿರೋದೂ ಆ ಪರಾಗದ ಓಡಾಟವೇ.

ಅದಕ್ಕೇ ಪುಟ್ಟ ಪೆಟ್ಟಿಗೆ. ಕಾಯೋ ಕೆಲಸ ಎರಡು ಹಿಡಿ ಹುಳ ಮಾಡಲಿ, ದೊಡ್ಡ ಕುಟುಂಬ ತನ್ನ ಕೆಲಸ ಮಾಡ್ಕೊಂಡಿರಲಿ. ಹೊಸ ರಾಣಿ ಮೊಟ್ಟೆ ಇಡೋದು ಕಣ್ಣಾರೆ ನೋಡಿದಮೇಲೆ ಹಳೇ ರಾಣಿ ತೆಗೆದು ಇವಳನ್ನ ಸೇರಿಸೋದು.

ಈಗ ಯಾವ ಪುಟ್ಟ ಪೆಟ್ಟಿಗೆ ಅನ್ನೋದೇ ಜಗಳದ ಮಾತು. ಮೊಬೈಲಿನಲ್ಲಿ ಬರೋ ವಿಡಿಯೋಗಳಲ್ಲಿ ಅಂಗೈಯಗಲದ ಥರ್ಮಾಕೋಲ್ ಡಬ್ಬಿ ತೋರಿಸ್ತಾರೆ, ಒಂದು ಲೋಟ ಹುಳ ಸುರಿದು ರಾಣಿ ಕೋಶ ಇಡ್ತಾರೆ. ತಂಪು ದೇಶದವರಿಗೆ ಅದು ಸರಿ. ನಮ್ಮ ಬಳ್ಳಾರಿ ಬಿಸಿಲಿಗಲ್ಲ. ಮರಿ ಇರೋ ಎರಿ 34-35 ಡಿಗ್ರಿಯಲ್ಲಿ ಇರಬೇಕು. ಹೊರಗೆ 40 ದಾಟಿದಾಗ ದೊಡ್ಡ ಕುಟುಂಬ ನೀರು ತಂದು, ರೆಕ್ಕೆ ಬೀಸಿ ತಂಪು ಮಾಡ್ಕೊಳ್ತದೆ. ಒಂದು ಲೋಟ ಹುಳಕ್ಕೆ ಆ ತಾಕತ್ತು ಎಲ್ಲಿಂದ ಬರಬೇಕು? ಒಂದು ಮಧ್ಯಾಹ್ನ ಎಲ್ಲಾ ಎದ್ದು ಹಾರಿಹೋಗ್ತವೆ. ಉಳಿದ್ರೆ ಇರುವೆ ಬಿಡಲ್ಲ. ಅಷ್ಟಲ್ಲದೆ ಆ ಡಬ್ಬಿಯ ಫ್ರೇಮು ನಮ್ಮ ದೊಡ್ಡ ಪೆಟ್ಟಿಗೆಗೆ ಕೂಡಲ್ಲ, ಕೆಲಸ ಮುಗಿದ ಮೇಲೆ ಆ ಎರಿ ಯಾತಕ್ಕೂ ಬರಲ್ಲ.

ನಾನು ಮಾಡೋದು ಇಷ್ಟೇ. ಹತ್ತು ಫ್ರೇಮಿನ ಹಳೇ ಪೆಟ್ಟಿಗೆಗೆ ಎರಡು ಪ್ಲೈವುಡ್ ಅಡ್ಡಗೋಡೆ ಹೊಡೆದು ಮೂರು ಮನೆ ಮಾಡೋದು, ಮನೆಗೆ ಮೂರು ಫ್ರೇಮು. ಗೋಡೆ ತಳಕ್ಕೂ ಮೇಲಕ್ಕೂ ಬಿಗಿಯಾಗಿ ಕೂರಬೇಕು. ಒಂದು ಹುಳ ನುಸುಳೋ ಸಂದಿ ಇದ್ರೂ ಒಬ್ಬ ರಾಣಿ ಇನ್ನೊಬ್ಬಳನ್ನ ಕೊಂದು ಹಾಕ್ತಾಳೆ. ಬಾಗಿಲು ಮೂರು ಮೂರು ದಿಕ್ಕಿಗೆ. ಒಂದಕ್ಕೆ ನೀಲಿ, ಒಂದಕ್ಕೆ ಹಳದಿ, ಒಂದಕ್ಕೆ ಬಿಳಿ ಬಣ್ಣ. ಕೆಂಪು ಬ್ಯಾಡ, ಜೇನಿನ ಕಣ್ಣಿಗೆ ಕೆಂಪು ಕಾಣಲ್ಲ. ಕೂಡಿ ಬಂದ ರಾಣಿ ತಪ್ಪು ಮನೆ ಹೊಕ್ಕರೆ ಅಲ್ಲಿಗೆ ಕಥೆ ಮುಗೀತು. ಪ್ರತಿ ಮನೆಗೆ ಮುಚ್ಚಿದ ಮರಿ ಇರೋ ಎರಿ ಒಂದು, ತುಪ್ಪ ಮತ್ತು ಪರಾಗ ಇರೋದು ಒಂದು, ಖಾಲಿ ಎರಿ ಒಂದು. ಎಳೇ ಹುಳಗಳನ್ನೇ ಉದುರಿಸಿ ತುಂಬ್ರಿ, ಮುದಿ ಹುಳ ಎಲ್ಲಾ ಹಳೇ ಜಾಗಕ್ಕೇ ವಾಪಸ್ ಹೋಗ್ತವೆ. ಬೇವಿನ ನೆರಳು ಇರಲಿ, ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇರಲಿ.

ಮರಿಹುಳ ಎತ್ತಿ ಮೇಣದ ಬಟ್ಟಲಿಗೆ ಹಾಕೋ ವಿಧಾನವನ್ನ ಅಮೆರಿಕದ ಡೂಲಿಟಲ್ 1889ರಲ್ಲೇ ಪುಸ್ತಕದಲ್ಲಿ ಬರೆದಿಟ್ಟಿದಾನೆ. ಕೈ ಪಳಗಿದವರು ಮಾಡಲಿ. ನಾಲ್ಕಾರು ರಾಣಿ ಸಾಕು ಅನ್ನೋರಿಗೆ ಅದು ಬ್ಯಾಡ. ಒಳ್ಳೇ ಕುಟುಂಬದ ರಾಣಿಯನ್ನ ಎರಡು ಫ್ರೇಮಿನ ಜೊತೆ ಬೇರೆ ಇಟ್ರೆ, ಉಳಿದವು ತಾವೇ ಕೋಶ ಕಟ್ತವೆ. ನಾಲ್ಕನೇ ದಿನ ನೋಡಿ, ಆಗಲೇ ಮುಚ್ಚಿರೋ ಕೋಶ ಇದ್ರೆ ಕಿತ್ತು ಹಾಕ್ರಿ. ಅವು ದೊಡ್ಡ ಮರಿಯಿಂದ ಆದವು, ರಾಣಿ ಸಣ್ಣದಾಗ್ತದೆ. ಹತ್ತನೇ ದಿನಕ್ಕೆ ಒಂದು ಕೋಶ ಅಲ್ಲೇ ಬಿಟ್ಟು, ಉಳಿದ ಒಳ್ಳೇ ಕೋಶಗಳನ್ನ ಎರಿ ಸಮೇತ ಕೊಯ್ದು, ತಲೆಕೆಳಗು ಮಾಡದೆ, ಕುಲುಕದೆ ಪುಟ್ಟ ಪೆಟ್ಟಿಗೆಗೆ ಸಿಗಿಸ್ರಿ. ಆಮೇಲೆ ಎರಡು ವಾರ ಮುಚ್ಚಳ ಮುಟ್ಟಬ್ಯಾಡ್ರಿ. ಇದೊಂದೇ ನಮ್ಮ ಮಂದಿಗೆ ಆಗದ ಕೆಲಸ!

ನನ್ನ ನಿಜವಾದ ತಕರಾರು ಇರೋದು ಗಂಡುಜೇನಿನ ವಿಷಯಕ್ಕೆ. ರಾಣಿ ಕೋಶ ಎಷ್ಟು ಆದವು ಅಂತ ಎಲ್ಲರೂ ಎಣಿಸ್ತಾರೆ, ಗಂಡು ಎಲ್ಲೈತೆ ಅಂತ ಯಾರೂ ಕೇಳಲ್ಲ. ರಾಣಿ ಗೂಡೊಳಗೆ ಕೂಡಲ್ಲ, ಆಕಾಶದಲ್ಲಿ ಕೂಡ್ತಾಳೆ. ಇದನ್ನ 1792ರಲ್ಲಿ ಬರೆದ ಹ್ಯೂಬರ್ ಕುರುಡ, ಕೆಲಸದವನ ಕಣ್ಣಿನಿಂದ ನೋಡಿದಾತ. ಕಣ್ಣಿದ್ದ ನಾವು ಮರೀತೀವಿ. ಒಬ್ಬ ರಾಣಿ ಹತ್ತಕ್ಕೂ ಮೇಲೆ ಗಂಡುಗಳ ಜೊತೆ ಕೂಡಬೇಕು. ಆ ಗಂಡುಗಳೆಲ್ಲಾ ಅವಳ ಅಣ್ಣತಮ್ಮಂದಿರೇ ಆದ್ರೆ ಮೊಟ್ಟೆಗಳಲ್ಲಿ ಬಹಳಷ್ಟು ಕೆಡ್ತವೆ, ಕೆಲಸಗಾರ ಹುಳಗಳೇ ಅವನ್ನ ತಿಂದು ಹಾಕ್ತವೆ, ಎರಿ ತುಂಬಾ ತೂತು ತೂತು ಕಾಣ್ತದೆ. ಊರಿನವರೆಲ್ಲಾ ಒಬ್ಬನ ಹತ್ರಾನೇ ಪೆಟ್ಟಿಗೆ ತಂದು, ಆಮೇಲೆ "ರಾಣಿ ಸರಿಯಿಲ್ಲ" ಅಂದ್ರೆ ಹೆಂಗೆ?

ಗಂಡು ಹುಟ್ಟೋಕೆ 24 ದಿನ, ಬಲಿಯೋಕೆ ಮತ್ತೆ ಎರಡು ವಾರ. ಅಂದ್ರೆ ರಾಣಿ ಕೋಶ ಕಟ್ಟಿಸೋಕೆ ಮೂರು ನಾಲ್ಕು ವಾರ ಮುಂಚೆನೇ ಗಂಡಿನ ಮರಿ ಎರಿಯಲ್ಲಿ ಇರಬೇಕು. ಗಂಡು ದಂಡಪಿಂಡ ಅಂತ ಆ ಎರಿ ಕೊಯ್ದು ಎಸೆಯೋದು ನಿಲ್ಲಿಸ್ರಿ. ಒಬ್ಬನ ತೋಟದಲ್ಲಿ ಪುಟ್ಟ ಪೆಟ್ಟಿಗೆ, ಒಂದೆರಡು ಕಿಲೋಮೀಟರು ಆಚೆ ಬೇರೆ ಮೂಲದಿಂದ ಬಂದ ಕುಟುಂಬಗಳು ಇನ್ನೊಬ್ಬನ ಹೊಲದಲ್ಲಿ. ಒಬ್ಬನಿಂದ ಆಗೋ ಕೆಲಸ ಇದಲ್ಲ.

ಹಂಗೇ ಎಣ್ಣೆ ಹೊಡಿಯೋ ವಿಷಯ. ರಾಣಿ, ಗಂಡು ಹಾರೋದು ಮಧ್ಯಾಹ್ನ 12ರಿಂದ ನಾಲ್ಕರವರೆಗೆ, ಬಿಸಿಲಿದ್ದು ಗಾಳಿ ಇಲ್ಲದಾಗ. ನಮ್ಮ ಮೆಣಸಿನಕಾಯಿ, ಹತ್ತಿ ಹೊಲದಲ್ಲಿ ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್ ಪಂಪು ಬೆಳಿಗ್ಗೆ ಶುರುವಾದ್ರೆ ಊಟದ ಹೊತ್ತು ಮೀರಿ ನಡೀತದೆ. ಎರಡೂ ಜೇನಿಗೆ ಕಡು ವಿಷ. ಹೊಡಿಯಬ್ಯಾಡ್ರಿ ಅಂತ ನಾನು ಹೇಳಲ್ಲ, ನುಸಿ ಬಿದ್ದ ಮೆಣಸಿನಗಿಡ ನನ್ನ ಹೊಲದಲ್ಲೂ ಐತೆ. ಸಂಜೆ ಹುಳ ಮನೆ ಸೇರಿದ ಮೇಲೆ ಹೊಡೀರಿ, ಹಿಂದಿನ ದಿನ ಒಂದು ಫೋನ್ ಮಾಡ್ರಿ. ಸಂಜೆ ಹೊಡೆದ್ರೂ ವಿಷ ಎಲೆ ಮೇಲೆ ಉಳೀತದೆ, ಗೊತ್ತು. ಆದ್ರೂ ನೇರ ಮೈಮೇಲೆ ಬೀಳೋದಕ್ಕಿಂತ ವಾಸಿ. ಕಳ್ಳಿಪೀರ ಹಕ್ಕಿ ತಿನ್ನೋ ಒಂದೆರಡು ರಾಣಿ ಲೆಕ್ಕಕ್ಕಿಲ್ಲ, ಹಕ್ಕಿಗೆ ಫೋನ್ ಮಾಡೋಕಾಗಲ್ಲ.

ಕಾಲ ಯಾವುದು ಅಂದ್ರೆ ದೀಪಾವಳಿಯಿಂದ ಸಂಕ್ರಾಂತಿ ದಾಟೋವರೆಗೆ. ಫೆಬ್ರವರಿ ಕೊನೆಗೆ ನಿಲ್ಲಿಸಿಬಿಡೋದು. ಬಳ್ಳಾರಿ ಜಾಲಿ ಹೂವು ಆಮೇಲೂ ಸಿಗ್ತದೆ, ಆದ್ರೆ ಬಿಸಿಲು ಪುಟ್ಟ ಪೆಟ್ಟಿಗೆಯನ್ನ ಬಿಡಲ್ಲ. ಆಗ ಮೂರು ಮನೆಯ ಗೋಡೆ ಕಿತ್ತು, ಒಬ್ಬ ರಾಣಿ ಉಳಿಸಿ ಒಂದೇ ಕುಟುಂಬ ಮಾಡೋದು. ಫ್ರೇಮು ಎಲ್ಲಾ ಒಂದೇ ಅಳತೆ ಇದ್ದದ್ದಕ್ಕೆ ಇದು ಸಾಧ್ಯ.

ದೇಶನೂರು, ತೆಕ್ಕಲಕೋಟೆ ಕಡೆ ಬೇರೆ ಬೇರೆ ಕಡೆಯಿಂದ ಪೆಟ್ಟಿಗೆ ತಂದಿರೋರು ಯಾರಿದೀರಿ, ಕೆಳಗೆ ತಿಳಿಸ್ರಿ. ಯಾರ ಹೊಲದಲ್ಲಿ ಗಂಡಿನ ಪೆಟ್ಟಿಗೆ ಇಡೋದು ಅಂತ ದಸರಾ ಒಳಗೇ ಮಾತಾಡಿ ಮುಗಿಸೋಣ. ಗಂಡಿನ ಎರಿ ಆಗಲೇ ಕಟ್ಟಿಸೋಕೆ ಶುರು ಮಾಡಬೇಕು.