ತೆಳ್ಳಗಿದ್ದರೆ ಸಕ್ಕರೆ ಕಾಯಿಲೆ ಬಾರದೇ?

'ನಾವು ತೆಳ್ಳಗ ಅದೀವಿ, ನಮಗೆಲ್ಲಿ ಸಕ್ರಿ ಕಾಯಿಲಿ' ಎನ್ನುತ್ತಿದ್ದ ಅಪ್ಪ. ಇಳಕಲ್‌ನಲ್ಲಿ ಅವನದು ದಿನವಿಡೀ ಮಗ್ಗದ ಕೆಲಸ. ಕಾಲಿನ ಗಾಯ ಮಾಯದಿದ್ದಾಗಲೇ ಕಾಯಿಲೆ ಗೊತ್ತಾಗಿದ್ದು.

ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934–54ರ ನಡುವೆ ಹುಟ್ಟಿದ 517 ಮಂದಿಯ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದ್ರೋಗ ಹೆಚ್ಚಿತ್ತು. ಸಣ್ಣಗಿರುವುದೇ ರಕ್ಷೆಯಲ್ಲ, ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯ ಕೊಬ್ಬು ಅಪಾಯವೇ.

ಎಚ್‌ಬಿಎ1ಸಿ ರಕ್ತಪರೀಕ್ಷೆ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. 5.7ರಿಂದ 6.4 ಬಂದರೆ ಅದು ಮುನ್ಸೂಚನೆ. ಆಗಲೇ ಊಟ, ನಡಿಗೆ ಸರಿಪಡಿಸಿಕೊಂಡರೆ ಕಾಯಿಲೆ ತಡೆಯಬಹುದು, ಮುಂದೂಡಲೂಬಹುದು.

ನೇಮಕಾತಿ ಪರೀಕ್ಷೆಗೆಂದು ಗಂಟೆಗಟ್ಟಲೆ ಕೂತು ಓದುವ ನಾವು, ಮನೆಯಲ್ಲಿ ಈ ಕಾಯಿಲೆ ಇದ್ದರೆ, ಈ ಪರೀಕ್ಷೆಯನ್ನೂ ಮಾಡಿಸಿಕೊಳ್ಳೋಣ. ಗಾಯವಾಗುವ ತನಕ ಕಾಯುವುದು ಬೇಡ.