ತಪ್ಪು ಹೂವಿನ ಹಡಗಲಿಯದಲ್ಲ

ಬಸ್ಸಿನಲ್ಲಿ ‘ಹೂವಿನ ಹಡಗಲಿ ಒಂದು ಕೊಡಿ’ ಅಂದರೆ, ಕಂಡಕ್ಟರ್ ‘ಹೂವಿನ’ಕ್ಕೊಂದು, ‘ಹಡಗಲಿ’ಗೊಂದು ಅಂತ ಎರಡು ಟಿಕೆಟ್ ಹರಿಯುತ್ತಾರಾ? ಹರಿದರೆ ತಪ್ಪು ಊರಿನದಾ?

ಕಂಪ್ಯೂಟರಿನಲ್ಲಿ ಮಾತ್ರ ಊರಿನದೇ ತಪ್ಪಂತೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಮಕ್ಕಳು ಈಗ ಆ್ಯಪ್ ಮಾಡಲು ಕಲಿಯುತ್ತಿದ್ದಾರೆ. ಬರೆದ ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವುದಕ್ಕೆ ಬಿಲ್ಡ್ ಅನ್ನುತ್ತಾರೆ. ಕೋಡ್ ಸರಿಯಾಗಿಯೇ ಇರುತ್ತದೆ. ಆದರೆ ಫೋಲ್ಡರಿನ ಹೆಸರು ‘ಹೂವಿನ ಹಡಗಲಿ’ ಅಂತಿದ್ದರೆ ಸಾಕು, ಪರದೆ ತುಂಬ ಕೆಂಪು ಅಕ್ಷರ: ಫೈಲ್ ಸಿಗಲಿಲ್ಲ. ಫೈಲ್ ಕಣ್ಣೆದುರೇ ಇದೆ!

ಇದು ಹಳೇ ಚಾಳಿ. ‘ಮೇಕ್’ ಎಂಬ ಬಿಲ್ಡ್ ಸಾಧನ 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ನಡುವೆ ಸ್ಪೇಸ್ ಕಂಡರೆ ಅದಕ್ಕೆ ಒಂದು ಹೆಸರು ಮುಗಿದು ಇನ್ನೊಂದು ಶುರುವಾದಂತೆ. ಇವತ್ತಿಗೂ ಹಾಗೇ. ಕನ್ನಡ ಅಕ್ಷರವಿದ್ದರಂತೂ, ವಿಂಡೋಸಿನಲ್ಲಿ ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಾಧನವೇ ಬಿಲ್ಡ್ ಕೆಡಬಹುದೆಂದು ಅಡ್ಡ ನಿಲ್ಲುತ್ತದೆ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ. ಫೈಲ್ ಹೆಸರಿನಲ್ಲಿ ಸ್ಪೇಸ್ ಇರಬಹುದೆಂದು ವಿಂಡೋಸ್ 95 ಒಪ್ಪಿತ್ತು. ವಿಂಡೋಸಿನದೇ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲೂ ಸ್ಪೇಸ್ ಇದೆ. ಅವರು ಬಿಟ್ಟರೆ ಸೌಕರ್ಯ, ನಾವು ಬಿಟ್ಟರೆ ಅಜ್ಞಾನ!

‘ಇಂಗ್ಲಿಷಿನಲ್ಲಿ ಹೆಸರಿಡು, ಜಾಗ ಬಿಡಬೇಡ’ ಅನ್ನುವುದು ಸದ್ಯದ ಉಪಾಯ, ಅಷ್ಟೇ. ನಾನೂ ಅದನ್ನೇ ಹೇಳುತ್ತೇನೆ: ಸಿ ಡ್ರೈವಿನಲ್ಲಿ ಪುಟ್ಟ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ, ಕೆಲಸ ಮುಂದುವರಿಸಿ. ಹೊಸ ಲ್ಯಾಪ್‌ಟಾಪಿನಲ್ಲಿ ನಿಮ್ಮ ಹೆಸರು ಕೊಡುವಾಗಲೂ ಹುಷಾರು. ಆ ಹೆಸರಿನಲ್ಲೇ ಫೋಲ್ಡರ್ ಆಗಬಹುದು. ಆಮೇಲೆ ಖಾತೆಯ ಹೆಸರು ತಿದ್ದಿದರೂ ಫೋಲ್ಡರ್ ಹಾಗೇ ಉಳಿಯುತ್ತದೆ.

ಆದರೆ ಉಪಾಯವನ್ನೇ ನಿಯಮವೆಂದು ಕಲಿಸುವುದು ಅನ್ಯಾಯ. ‘ನನಗೆ ಇಂಗ್ಲಿಷ್ ಬರಲ್ಲ, ಇದು ನನ್ನಂಥೋರಿಗಲ್ಲ’ ಅಂತ ಕನ್ನಡ ಮಾಧ್ಯಮದ ಹುಡುಗಿ ಲ್ಯಾಬಿನಿಂದ ಎದ್ದು ಹೋದರೆ, ಅವಳನ್ನು ಎಬ್ಬಿಸಿದ್ದು ಇಂಗ್ಲಿಷ್ ಅಲ್ಲ. ಯಾರೋ ಸರಿಯಾಗಿ ಬರೆಯದೆ ಬಿಟ್ಟ ಸಾಧನ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಕಡೆಯವರೇ, ನಿಮ್ಮ ಪ್ರಾಜೆಕ್ಟನ್ನು ಒಮ್ಮೆ ‘ಹೂವಿನ ಹಡಗಲಿ’ ಎಂಬ ಫೋಲ್ಡರಿನಲ್ಲಿಟ್ಟು ಬಿಲ್ಡ್ ಮಾಡಿ. ಆಮೇಲೆ ‘ಹ.ಬೊ.ಹಳ್ಳಿ & ಕೊಟ್ಟೂರು (ಹೊಸದು)’ ಅಂತ ಹೆಸರಿಟ್ಟು ನೋಡಿ. ಎಷ್ಟೋ ಕಡೆ ಸ್ಕ್ರಿಪ್ಟಿನಲ್ಲಿ ಫೋಲ್ಡರ್ ವಿಳಾಸದ ಆಚೆ ಈಚೆ ಉದ್ಧರಣ ಚಿಹ್ನೆ ಹಾಕಿದರೆ ಸಾಕು, ಸರಿಹೋಗುತ್ತದೆ. ಹೋಗದಿದ್ದರೆ ಸಾಧನ ಮಾಡಿದವರಿಗೇ ದೂರು ಬರೆಯಿರಿ. ‘ಹೆಸರು ಬದಲಿಸಿ’ ಎಂಬ ಉತ್ತರ ಬಂದರೆ ಒಪ್ಪಬೇಡಿ, ಇನ್ನೊಂದು ಬರೆಯಿರಿ.